ಗ್ಯಾಸ್: ಒಂದು ಪದದ ಅರ್ಥಗಳು ಮತ್ತು ಬಳಕೆಯ ಇತಿಹಾಸ

ಗ್ಯಾಸ್: ಸ್ವಂತ ಆಕಾರವಾಗಲಿ ನಿಶ್ಚಿತ ಗಾತ್ರವಾಗಲಿ ಇಲ್ಲದ, ಇಟ್ಟ ಪಾತ್ರೆಯನ್ನು ಪೂರ್ತಿ ತುಂಬಿಕೊಳ್ಳುವ, ಬಿಟ್ಟರೆ ಎಲ್ಲೆಡೆ ಹರಡುವ ದ್ರವ್ಯಸ್ಥಿತಿಗೆ ಇಂಗ್ಲಿಷಿನಲ್ಲಿರುವ ಹೆಸರು. ಕನ್ನಡದ ಪಠ್ಯಪುಸ್ತಕಗಳು ಇದನ್ನು ಅನಿಲ ಎನ್ನುತ್ತವೆ. ಆಡುಮಾತು ಗ್ಯಾಸ್ ಎಂದೇ ಉಳಿಸಿಕೊಂಡಿದೆ. ಇಂಗ್ಲಿಷಿನಲ್ಲಿ ಇದೇ ಪದ ಬೇರೆ ಬೇರೆ ಕಾಲದಲ್ಲಿ ಬೀದಿದೀಪದ ಇಂಧನಕ್ಕೆ, ಹಲ್ಲು ಕೀಳುವಾಗ ಉಸಿರಾಡಿಸುವ ಮದ್ದಿಗೆ, ಯುದ್ಧದ ವಿಷಕ್ಕೆ, ಅಡುಗೆಯ ಉರಿಗೆ, ಅಮೆರಿಕದಲ್ಲಿ ಪೆಟ್ರೋಲಿಗೆ, ಹೊಟ್ಟೆಯುಬ್ಬರಕ್ಕೆ, ಕೊನೆಗೆ ಬುರುಡೆ ಮಾತಿಗೂ ಸಂದಿದೆ. ದಿನಬಳಕೆಯ ಪದಗಳಲ್ಲಿ ಹುಟ್ಟಿಸಿದವರ ಹೆಸರು ತಿಳಿದಿರುವಂಥವು ತೀರ ಕಡಿಮೆ. ಇದಕ್ಕಾದರೆ ಹುಟ್ಟಿಸಿದವನ ಹೆಸರು, ಅದು ಅಚ್ಚಾದ ಪುಸ್ತಕ, ವರ್ಷ ಎಲ್ಲವೂ ತಿಳಿದಿವೆ. ಗಾಳಿಯೆಂಬುದು ಒಂದೇ ಅಲ್ಲ, ಹಲವಿವೆ ಎಂದು ಹೇಳುವುದಕ್ಕಾಗಿಯೇ ಈ ಪದ ಹುಟ್ಟಿತು. ಆಮೇಲೆ ಜನರ ಬಾಯಿ ಅದನ್ನು ಪ್ರತಿ ಕಾಲದಲ್ಲೂ ಯಾವುದೋ ಒಂದೇ ಅನಿಲಕ್ಕೆ ಕಟ್ಟಿಹಾಕುತ್ತ ಬಂದಿತು. ಯಾವಾಗ ಯಾವುದಕ್ಕೆ ಕಟ್ಟಿತು ಎಂಬುದರಲ್ಲಿ ಆಯಾ ಕಾಲದ ಬೆಳಕು, ಭಯ, ಹಸಿವುಗಳ ಚರಿತ್ರೆಯಿದೆ.

ಹುಟ್ಟು

ಪದದ ಕರ್ತೃ ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್. ಬ್ರಸೆಲ್ಸ್‌ನಲ್ಲಿ ಹುಟ್ಟಿ, 1644ರಲ್ಲಿ ತೀರಿಕೊಂಡ ವೈದ್ಯ, ರಸಾಯನವಿದ. ಆಯುಧಕ್ಕೆ ಮುಲಾಮು ಹಚ್ಚಿ ಗಾಯ ಮಾಯಿಸುವ ಚಿಕಿತ್ಸೆಯ ಬಗ್ಗೆ ಬರೆದ ಹೊತ್ತಗೆಯಿಂದ ಈತ ಚರ್ಚಿನ ವಿಚಾರಣೆಗೆ ಗುರಿಯಾದ, ಗೃಹಬಂಧನವನ್ನೂ ಅನುಭವಿಸಿದ. ಹಾಗಾಗಿ ಮುಖ್ಯ ಬರಹಗಳು ಬದುಕಿರುವಾಗ ಹೊರಬರಲಿಲ್ಲ. ಮಗ ಫ್ರಾನ್ಸಿಸ್ಕಸ್ ಮರ್ಕ್ಯೂರಿಯಸ್ ಅವನ್ನು ಕಲೆಹಾಕಿ 1648ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ‘ಓರ್ಟಸ್ ಮೆಡಿಸಿನೆ’ ಎಂಬ ಲ್ಯಾಟಿನ್ ಗ್ರಂಥವಾಗಿ ಅಚ್ಚು ಹಾಕಿಸಿದ. ಗ್ಯಾಸ್ ಎಂಬ ಪದ ಲೋಕಕ್ಕೆ ಬಂದದ್ದು ಆ ಗ್ರಂಥದಿಂದ.

ಅದರಲ್ಲಿರುವ ಒಂದು ಲೆಕ್ಕ ಇಡೀ ಕಥೆಯ ಬುಡ. ಹೆಲ್ಮಾಂಟ್ 62 ಪೌಂಡು ಇದ್ದಿಲನ್ನು ಸುಟ್ಟರೆ ಉಳಿಯುವುದು 1 ಪೌಂಡು ಬೂದಿ ಎಂದು ಕಂಡ. ಮಿಕ್ಕ 61 ಪೌಂಡು ಎಲ್ಲಿಗೆ ಹೋಯಿತು? ಕಣ್ಣಿಗೆ ಕಾಣದ, ಪಾತ್ರೆಯಲ್ಲಿ ಕೂಡಿಹಾಕಲಾಗದ ಏನೋ ಒಂದಾಗಿ ಹೊರಟಿತು; ಮುಚ್ಚಿದ ಪಾತ್ರೆಯಲ್ಲಿ ಸುಟ್ಟರೆ ಅದು ಪಾತ್ರೆಯನ್ನೇ ಒಡೆದು ಹೊರಬರುತ್ತದೆ. ಅದು ಬರಿಯ ಗಾಳಿಯಲ್ಲ, ನೀರಿನ ಆವಿಯೂ ಅಲ್ಲ. ಅದಕ್ಕೆ ಅವನಿಟ್ಟ ಹೆಸರು ಗ್ಯಾಸ್. ಹಿಡಿತಕ್ಕೆ ಸಿಗದ ಅದರ ಗುಣ ನೋಡಿ ಕಾಡಿನದು, ಪಳಗದ್ದು ಎಂಬರ್ಥದ ‘ಸಿಲ್ವೆಸ್ಟ್ರೆ’ ಎಂಬ ವಿಶೇಷಣವನ್ನೂ ಸೇರಿಸಿದ. ಅದನ್ನೇ ಇಂದು ನಾವು ಇಂಗಾಲದ ಡೈಆಕ್ಸೈಡ್ ಎನ್ನುತ್ತೇವೆ. ಲೆಕ್ಕ ಪೂರ್ತಿ ಸರಿಯಲ್ಲ. ಇದ್ದಿಲು ಉರಿಯುವಾಗ ಗಾಳಿಯಿಂದ ಆಮ್ಲಜನಕವನ್ನು ಎಳೆದುಕೊಳ್ಳುವುದರಿಂದ ಹೊರಟ ಅನಿಲದ ತೂಕ 61 ಪೌಂಡಿಗಿಂತ ಬಹಳ ಹೆಚ್ಚಿರಬೇಕು. ಆದರೂ ಕಾಣದ್ದಕ್ಕೂ ತೂಕವಿದೆ, ಅದು ಎಲ್ಲಿಗೋ ಹೋಗಿರಲೇಬೇಕು ಎಂಬ ಹಟ ಆ ಲೆಕ್ಕದಲ್ಲಿದೆ. ವಿಲೋ ಗಿಡವೊಂದನ್ನು ತೂಗಿದ ಮಣ್ಣಿನಲ್ಲಿ ನೆಟ್ಟು 5 ವರ್ಷ ನೀರುಣಿಸಿ, ಕೊನೆಗೆ ಮರವನ್ನೂ ಮಣ್ಣನ್ನೂ ಮತ್ತೆ ತೂಗಿ ನೋಡಿದವನೂ ಇದೇ ಹೆಲ್ಮಾಂಟ್. ಮರದ ತೂಕವೆಲ್ಲ ನೀರಿನಿಂದಲೇ ಬಂದಿತೆಂದು ಅವನು ತೀರ್ಮಾನಿಸಿದ. ಮರ ಗಾಳಿಯಿಂದ ಪಡೆದದ್ದು ತಾನು ಹೆಸರಿಟ್ಟ ಆ ಗ್ಯಾಸನ್ನೇ ಎಂದು ಅವನಿಗೆ ಹೊಳೆಯಲಿಲ್ಲ.

ದ್ರಾಕ್ಷಿರಸ ಹುಳಿಯುವಾಗ ಏಳುವ ಗುಳ್ಳೆ, ಸುಣ್ಣಕಲ್ಲಿನ ಮೇಲೆ ಆಮ್ಲ ಬಿದ್ದಾಗ ಉಕ್ಕುವ ನೊರೆ, ಸ್ಪಾ ಊರಿನ ಚಿಲುಮೆ ನೀರಿನ ಚುರುಕು, ನಾಯಿಗಳು ಹೊಕ್ಕರೆ ಮೂರ್ಛೆ ಹೋಗುತ್ತಿದ್ದ ನೇಪಲ್ಸ್ ಬಳಿಯ ಗವಿ — ಇವೆಲ್ಲದರಲ್ಲಿ ಒಂದೇ ಗ್ಯಾಸ್ ಇದೆಯೆಂದು ಅವನು ಗುರುತಿಸಿದ್ದು ದೊಡ್ಡ ಮಾತು. ಅದಕ್ಕೂ ದೊಡ್ಡದು, ಉರಿಯುವ ಗ್ಯಾಸ್ ಬೇರೆ, ಉರಿ ನಂದಿಸುವುದು ಬೇರೆ, ಕರುಳಿನಲ್ಲಿ ಹುಟ್ಟುವುದು ಬೇರೆ ಎಂದು ವಿಂಗಡಿಸಲು ಹೊರಟದ್ದು. ಗ್ರೀಕರ ನಾಲ್ಕು ಮೂಲವಸ್ತುಗಳಲ್ಲಿ ಗಾಳಿ ಒಂದೇ ಆಗಿತ್ತು. ನಮ್ಮ ಪಂಚಭೂತಗಳಲ್ಲಿಯೂ ವಾಯು ಒಂದೇ. ಆ ಒಂದನ್ನು ಹಲವಾಗಿ ನೋಡಲು ಹೊಸ ಹೆಸರು ಬೇಕಾಯಿತು.

ಹೆಸರು ಎಲ್ಲಿಂದ ಬಂತೆಂಬುದನ್ನೂ ಹೆಲ್ಮಾಂಟ್ ಸೂಚಿಸಿದ್ದಾನೆ. ಪ್ರಾಚೀನರ ‘ಕೇಯಾಸ್’ಗೆ, ಅಂದರೆ ಸೃಷ್ಟಿಗೆ ಮುಂಚಿನ ಆಕಾರವಿಲ್ಲದ ಶೂನ್ಯಕ್ಕೆ, ಇದು ಹತ್ತಿರದ್ದೆಂಬುದು ಅವನ ಮಾತಿನ ತಾತ್ಪರ್ಯ. ಡಚ್ಚರ ಬಾಯಲ್ಲಿ ‘ಗ’ ಗಂಟಲಿನಿಂದ ಉಜ್ಜಿಕೊಂಡು ಹೊರಡುವುದರಿಂದ ಗ್ಯಾಸ್ ಮತ್ತು ಕೇಯಾಸ್‌ಗಳ ಮೊದಲ ದನಿ ಅವರಿಗೆ ಒಂದೇ ಕೇಳಿಸುತ್ತದೆ. ಅವನಿಗಿಂತ ಮೊದಲೇ ಪ್ಯಾರಾಸೆಲ್ಸಸ್ ಗಾಳಿಯಂಥ ವಸ್ತುವಿಗೆ ಕೇಯಾಸ್ ಎಂದು ಬರೆದಿದ್ದ. ನೊರೆ, ಚೇತನ ಮೊದಲಾದ ಅರ್ಥಗಳ ಜರ್ಮನ್ ಮತ್ತು ಡಚ್ ಪದಗಳಿಂದ ಬಂದಿರಬಹುದೆಂಬ ವಾದಗಳೂ ಇವೆ. ಕರ್ತೃವೇ ದಾರಿ ತೋರಿಸಿರುವಾಗ ಅವುಗಳಿಗೆ ಹೆಚ್ಚು ಬಲವಿಲ್ಲ. ಇದರ ಜೊತೆಗೇ ಹೆಲ್ಮಾಂಟ್ ‘ಬ್ಲಾಸ್’ ಎಂಬ ಇನ್ನೊಂದು ಪದವನ್ನೂ ಹೊಸೆದಿದ್ದ. ನಕ್ಷತ್ರಗಳಿಂದ ಇಳಿದು ಗಾಳಿಯನ್ನು ಬೀಸಿಸುವ ಪ್ರೇರಣೆಗೆ ಅದು ಹೆಸರು. ಅದು ಬದುಕಲಿಲ್ಲ.

ಮರೆವು ಮತ್ತು ಮರಳಿಕೆ

ಗ್ಯಾಸ್ ಪದವೂ ಹುಟ್ಟಿದೊಡನೆ ಊರಿಗೆಲ್ಲ ಹಬ್ಬಲಿಲ್ಲ. 1662ರಲ್ಲಿ ಜಾನ್ ಚಾಂಡ್ಲರ್ ಹೆಲ್ಮಾಂಟನನ್ನು ಇಂಗ್ಲಿಷಿಗೆ ತಂದ. ಆದರೆ ಅದೇ ವರ್ಷ ಒತ್ತಡಕ್ಕೂ ಗಾತ್ರಕ್ಕೂ ಇರುವ ನಂಟನ್ನು ಪ್ರಕಟಿಸಿದ ರಾಬರ್ಟ್ ಬಾಯ್ಲ್ ‘ಗಾಳಿ’ ಎಂಬ ಹಳೆಯ ಪದವನ್ನೇ ನೆಚ್ಚಿಕೊಂಡ. 1727ರಲ್ಲಿ ಸ್ಟೀಫನ್ ಹೇಲ್ಸ್ ನೀರಿನ ತೊಟ್ಟಿಯ ಮೇಲೆ ಅನಿಲಗಳನ್ನು ಹಿಡಿದು ಅಳೆಯುವ ಉಪಾಯ ಮಾಡಿದ. ಹೆಲ್ಮಾಂಟ್ ‘ಪಳಗದ್ದು’ ಎಂದದ್ದು ಪಳಗಿತು. ಆದರೂ ಹೇಲ್ಸ್‌ಗೆ ಹಿಡಿದದ್ದೆಲ್ಲ ಗಾಳಿಯೇ. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಗ್ಯಾಸ್‌ಗೆ ಜಾಗವನ್ನೇನೋ ಕೊಟ್ಟ; ಹೆಲ್ಮಾಂಟ್ ಅದನ್ನು ಸಡಿಲವಾಗಿ, ಅರ್ಥವಾಗದಂತೆ ಬಳಸಿದ್ದಾನೆ ಎಂಬ ದೂರನ್ನೂ ಅಲ್ಲೇ ದಾಖಲಿಸಿದ.

ಹದಿನೆಂಟನೆಯ ಶತಮಾನದ ಉತ್ತರಾರ್ಧ ‘ಗಾಳಿಗಳ’ ಕಾಲ. ಜೋಸೆಫ್ ಬ್ಲಾಕ್ 1750ರ ದಶಕದಲ್ಲಿ ಸುಣ್ಣಕಲ್ಲಿನಲ್ಲಿ ಬಂದಿಯಾಗಿದ್ದ ಅನಿಲವನ್ನು ‘ಸ್ಥಿರ ಗಾಳಿ’ ಎಂದ. ಹೆನ್ರಿ ಕ್ಯಾವೆಂಡಿಷ್ 1766ರಲ್ಲಿ ‘ಉರಿಯುವ ಗಾಳಿ’ಯನ್ನು ವರ್ಣಿಸಿದ, ಅದು ಇಂದಿನ ಜಲಜನಕ. ಲೀಡ್ಸ್‌ನಲ್ಲಿ ಬಿಯರ್ ತಯಾರಿಸುವ ಕಾರ್ಖಾನೆಯ ಪಕ್ಕದಲ್ಲಿ ವಾಸವಾಗಿದ್ದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿ ಅಲ್ಲಿನ ತೊಟ್ಟಿಗಳ ಮೇಲೆ ತೇಲುವ ಸ್ಥಿರ ಗಾಳಿಯನ್ನು ನೀರಿಗೆ ಬೆರೆಸಿ ಸೋಡಾ ನೀರು ಮಾಡುವ ಬಗೆಯನ್ನು 1772ರಲ್ಲಿ ಪ್ರಕಟಿಸಿದ. ಅವನೇ 1774ರ ಆಗಸ್ಟ್ 1ರಂದು ಪಾದರಸದ ಕೆಂಪು ಭಸ್ಮವನ್ನು ಭೂತಗನ್ನಡಿಯಿಂದ ಕಾಯಿಸಿ ಪಡೆದ ಅನಿಲಕ್ಕೆ ‘ಫ್ಲಾಜಿಸ್ಟನ್ ಕಳೆದ ಗಾಳಿ’ ಎಂದು ಹೆಸರಿಟ್ಟ; ಫ್ಲಾಜಿಸ್ಟನ್ ಎಂದರೆ ಉರಿಯುವ ವಸ್ತುಗಳಲ್ಲಿ ಇರುತ್ತದೆಂದು ಆಗ ನಂಬಿದ್ದ ಅಂಶ. ಸ್ವೀಡನ್ನಿನ ಷೀಲೆ ಅದನ್ನೇ ‘ಬೆಂಕಿಯ ಗಾಳಿ’ ಎಂದ, ಅದು ಇಂದಿನ ಆಮ್ಲಜನಕ. ಪ್ರೀಸ್ಟ್ಲಿಯ ಗ್ರಂಥದ ಹೆಸರಿನಲ್ಲಿ ಇರುವುದೂ ಗಾಳಿಯ ಬಗೆಗಳೇ, ಗ್ಯಾಸ್ ಅಲ್ಲ. ಈ ಹೆಸರುಗಳ ತೊಡಕು ಬರಿಯ ಉದ್ದದ್ದಲ್ಲ. ಎಲ್ಲವನ್ನೂ ಗಾಳಿ ಎಂದಾಗ, ಇರುವುದು ಒಂದೇ ಗಾಳಿ, ಅದಕ್ಕೆ ಏನೋ ಸೇರಿದರೆ ಒಂದು ಬಗೆ, ಏನೋ ಕಳೆದರೆ ಇನ್ನೊಂದು ಬಗೆ ಎಂಬ ಹಳೆಯ ನಂಬಿಕೆ ಹೆಸರಿನೊಳಗೇ ಉಳಿದುಬಿಡುತ್ತದೆ. ಕೈಯಲ್ಲಿ ಆಮ್ಲಜನಕವನ್ನು ಹಿಡಿದಿದ್ದ ಪ್ರೀಸ್ಟ್ಲಿ ಕೊನೆಯವರೆಗೂ ಅದನ್ನು ಹೊಸ ವಸ್ತುವೆಂದು ಒಪ್ಪದಿರಲು ಈ ನಂಬಿಕೆಯೇ ಕಾರಣ.

ಫ್ರಾನ್ಸಿನಲ್ಲಿ ಪಿಯೆರ್ ಮಾಕೇರ್ ತನ್ನ ರಸಾಯನ ನಿಘಂಟಿನಲ್ಲಿ ಹೆಲ್ಮಾಂಟನ ಪದವನ್ನು ಮತ್ತೆ ಎತ್ತಿಕೊಂಡ. ಆ ನಿಘಂಟನ್ನು ಇಂಗ್ಲಿಷಿಗೆ ತಂದ ಜೇಮ್ಸ್ ಕೀರ್ 1777ರಲ್ಲಿ ಗ್ಯಾಸ್‌ಗಳ ಮೇಲೆಯೇ ಒಂದು ಹೊತ್ತಗೆ ಬರೆದ. ಅಂತ್ವಾನ್ ಲವೋಸಿಯೇ ಮತ್ತು ಗೆಳೆಯರು 1787ರಲ್ಲಿ ಹೊರತಂದ ರಾಸಾಯನಿಕ ನಾಮಪದ್ಧತಿ ವ್ಯಾಜ್ಯವನ್ನು ಮುಗಿಸಿತು: ಗಾಳಿ ಎಂದರೆ ನಾವು ಉಸಿರಾಡುವ ಮಿಶ್ರಣ, ಗ್ಯಾಸ್ ಎಂದರೆ ಯಾವುದೇ ವಸ್ತು ತಾಳಬಹುದಾದ ಒಂದು ಸ್ಥಿತಿ. ಹೆಲ್ಮಾಂಟ್ ಬಯಸಿದ್ದ ಬಹುವಚನ ನೂರನಲವತ್ತು ವರ್ಷಗಳ ಮೇಲೆ ಶಾಸ್ತ್ರದ ಹಕ್ಕಾಯಿತು.

ದೀಪದ ಗ್ಯಾಸ್

ಶಾಸ್ತ್ರಜ್ಞರ ಕೈಯಿಂದ ಜನರ ಬಾಯಿಗೆ ಈ ಪದ ಬಂದದ್ದು ಬೆಳಕಿನ ಮೂಲಕ. ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ಮರ್ಡಾಕ್ ಕಾರ್ನ್‌ವಾಲ್‌ನ ರೆಡ್‌ರೂತ್ ಊರಿನಲ್ಲಿ, ಕಲ್ಲಿದ್ದಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಬಂದ ಅನಿಲವನ್ನು ಕೊಳವೆಯಲ್ಲಿ ಹರಿಸಿ, 1792ರ ಸುಮಾರಿಗೆ ತನ್ನ ಮನೆಯಲ್ಲಿ ದೀಪ ಹಚ್ಚಿದ. 1807ರಲ್ಲಿ ಫ್ರೆಡರಿಕ್ ವಿನ್ಸರ್ ಲಂಡನ್ನಿನ ಪ್ಯಾಲ್ ಮ್ಯಾಲ್ ಬೀದಿಯಲ್ಲಿ ಇಂಥ ದೀಪಗಳನ್ನು ಪ್ರದರ್ಶಿಸಿದ. 1812ರಲ್ಲಿ ‘ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿ’ಗೆ ಸನ್ನದು ಸಿಕ್ಕಿತು, 1813ರ ಕೊನೆಯ ದಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಗ್ಯಾಸ್ ಬೆಳಕಿನಲ್ಲಿ ಹೊಳೆಯಿತು. ಅಲ್ಲಿಂದ ಮುಂದೆ ಇಂಗ್ಲಿಷಿನಲ್ಲಿ ಗ್ಯಾಸ್ ಎಂದರೆ ಮೊದಲು ನೆನಪಾಗುವುದು ಕಲ್ಲಿದ್ದಲ ಅನಿಲ. ಗ್ಯಾಸ್ ಕಾರ್ಖಾನೆ, ಗ್ಯಾಸ್ ಮೀಟರು, ಗ್ಯಾಸ್ ಬಿಲ್ಲು, ಸಂಜೆ ಕೋಲು ಹಿಡಿದು ಬಂದು ದೀಪ ಹಚ್ಚುವ ಆಳು: ಒಂದು ಇಡೀ ಸಂಸಾರವೇ ಈ ಪದದ ಸುತ್ತ ಬೆಳೆಯಿತು. ಕಾರ್ಖಾನೆಗಳಲ್ಲಿ ರಾತ್ರಿಪಾಳಿ ನಡೆಸುವುದು ಸುಲಭವಾದದ್ದೂ ಇದರಿಂದಲೇ. ಲಂಡನ್ನಿನ ಇರುಳಿಗೆ ಬಂದ ಬೆಳಕನ್ನು ಹೊಗಳುವವರು ಆ ಪಾಳಿಯಲ್ಲಿ ದುಡಿದ ಹೆಂಗಸರು ಮಕ್ಕಳನ್ನೂ ನೆನೆಯಬೇಕು.

ಭಾರತಕ್ಕೆ ಗ್ಯಾಸ್ ದೀಪ ಬಂದದ್ದು ಕಲ್ಕತ್ತಕ್ಕೆ ಮೊದಲು, 1857ರಲ್ಲಿ, ಓರಿಯೆಂಟಲ್ ಗ್ಯಾಸ್ ಕಂಪನಿಯ ಮೂಲಕ. ಮುಂಬಯಿಯ ಬೀದಿಗಳಲ್ಲಿ 1865ರಲ್ಲಿ ಉರಿಯಿತು. ಬೆಂಗಳೂರು ಸೀಮೆಎಣ್ಣೆಯ ಬೀದಿದೀಪಗಳಿಂದ 1905ರಲ್ಲಿ ನೇರವಾಗಿ ಶಿವನಸಮುದ್ರದ ವಿದ್ಯುತ್ತಿಗೆ ಹಾರಿತು.

ಹಾಗಿದ್ದರೂ ಕನ್ನಡನಾಡಿನ ಹಳ್ಳಿ ಹಳ್ಳಿಗೆ ‘ಗ್ಯಾಸ್‌ಲೈಟು’ ತಲುಪಿದ್ದು ಹೇಗೆ? ಇದರ ಹಿಂದೆ ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ ಇದ್ದಾನೆ. 1885ರಲ್ಲಿ ಪೇಟೆಂಟ್ ಪಡೆದ ಈತನ ಮ್ಯಾಂಟಲ್, ಮುಂದೆ ಶೇ. 99ರಷ್ಟು ಥೋರಿಯಂ ಆಕ್ಸೈಡ್ ಮತ್ತು ಶೇ. 1ರಷ್ಟು ಸೀರಿಯಂ ಆಕ್ಸೈಡ್ ಬೆರೆಸಿದ ಬಟ್ಟೆಬಲೆಯಾಗಿ ಸುಧಾರಿಸಿ, ಮಂಕು ಉರಿಯನ್ನು ಬೆಳ್ಳನೆಯ ಬೆಳಕಾಗಿ ಮಾಡಿತು. ಅದಕ್ಕೆ ಬೇಕಾದ ಥೋರಿಯಂ ತಿರುವಾಂಕೂರಿನ ಕಡಲದಂಡೆಯ ಮೊನಜೈಟ್ ಮರಳಿನಲ್ಲಿದೆಯೆಂದು 1909ರಲ್ಲಿ ತಿಳಿದಾಗ, ಆ ದಂಡೆಯ ಮರಳು ಯುರೋಪಿನ ದೀಪಗಳಿಗೆ ಹಡಗೇರಿತು. ಗ್ಯಾಸ್ ಕೊಳವೆಯಿಲ್ಲದ ಕಡೆಗೂ ಈ ಮ್ಯಾಂಟಲ್ ಒಯ್ದದ್ದು ಪೆಟ್ರೊಮ್ಯಾಕ್ಸ್. ತೊಟ್ಟಿಗೆ ಗಾಳಿ ಪಂಪು ಹೊಡೆದರೆ ಸೀಮೆಎಣ್ಣೆ ಕಾದ ಕೊಳವೆಯಲ್ಲಿ ಮೇಲೇರಿ ಆವಿಯಾಗಿ ಮ್ಯಾಂಟಲಿನಲ್ಲಿ ಉರಿಯುತ್ತದೆ. ಎಣ್ಣೆ ತುಂಬಿ ಹಚ್ಚುವ ಈ ದೀಪವನ್ನು ನಮ್ಮವರು ಗ್ಯಾಸ್‌ಲೈಟು ಎಂದದ್ದು ತಪ್ಪೇನಲ್ಲ, ಉರಿಯುವ ಹೊತ್ತಿಗೆ ಅದು ಗ್ಯಾಸೇ. ಮದುವೆಯ ದಿಬ್ಬಣ, ದೇವರ ಉತ್ಸವ, ರಾತ್ರಿಯ ನಾಟಕ ಎಲ್ಲಕ್ಕೂ ಬಾಡಿಗೆಯ ಗ್ಯಾಸ್‌ಲೈಟು ಬೇಕಾಗಿತ್ತು. ಕರಾವಳಿಯ ಯಕ್ಷಗಾನದ ರಂಗಸ್ಥಳದಲ್ಲಿ ದೊಂದಿಯ ಜಾಗಕ್ಕೆ ಗ್ಯಾಸ್‌ಲೈಟು ಬಂದಾಗ ಬಣ್ಣಗಾರಿಕೆ ಕಾಣುವ ರೀತಿಯೇ ಬೇರೆಯಾಯಿತು. ದೊಂದಿಯ ಕೆಂಪು ಬೆಳಕಿಗೆಂದು ಬೆಳೆದಿದ್ದ ಮುಖವರ್ಣಿಕೆ ಬಿಳಿಯ ಬೆಳಕನ್ನು ಎದುರಿಸಬೇಕಾಯಿತು.

ಬೀದಿಯ ಗ್ಯಾಸ್ ದೀಪ ಆರಿದ ಮೇಲೂ ಇಂಗ್ಲಿಷಿನಲ್ಲಿ ಅದರ ನೆರಳು ಉಳಿಯಿತು. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ‘ಗ್ಯಾಸ್ ಲೈಟ್’ ನಾಟಕದಲ್ಲಿ, ಗಂಡ ಒಡವೆ ಹುಡುಕಲು ಕದ್ದು ಮಹಡಿ ಹತ್ತಿ ಅಲ್ಲಿ ದೀಪ ಹಚ್ಚುತ್ತಾನೆ. ಕೊಳವೆಯ ಒತ್ತಡ ಇಳಿದು ಕೆಳಗಿನ ಕೋಣೆಯ ದೀಪ ಮಂಕಾಗುತ್ತದೆ. ಹೆಂಡತಿ ಅದನ್ನು ಗಮನಿಸುತ್ತಾಳೆ. ತನ್ನ ಬುದ್ಧಿಯೇ ಕೆಟ್ಟಿದೆಯೆಂದು ಆಕೆ ನಂಬುವಂತೆ ಅವನು ಆಕೆಯನ್ನು ದಿನದಿನವೂ ಕುಗ್ಗಿಸುತ್ತಿರುತ್ತಾನೆ. 1944ರ ಹಾಲಿವುಡ್ ಚಿತ್ರದಲ್ಲಿ ಆ ಹೆಂಡತಿಯ ಪಾತ್ರಕ್ಕಾಗಿ ಇಂಗ್ರಿಡ್ ಬರ್ಗ್‌ಮನ್ ಆಸ್ಕರ್ ಪಡೆದರು. ಕಣ್ಣಾರೆ ಕಂಡದ್ದನ್ನೇ ಸುಳ್ಳೆಂದು ನಂಬಿಸುವ ದೌರ್ಜನ್ಯಕ್ಕೆ ‘ಗ್ಯಾಸ್‌ಲೈಟಿಂಗ್’ ಎಂಬ ಹೆಸರು ಹೀಗೆ ಬಂತು. ಮೆರಿಯಮ್ ವೆಬ್‌ಸ್ಟರ್ ನಿಘಂಟು ಅದನ್ನು 2022ರ ವರ್ಷದ ಪದವೆಂದು ಆರಿಸಿತು. ಇನ್ನು ಬುರುಡೆ ಮಾತಿಗೆ ಗ್ಯಾಸ್ ಎನ್ನುವುದು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಬಳಕೆ. ಐರ್ಲೆಂಡಿನಲ್ಲಿ ತಮಾಷೆಗೂ ಗ್ಯಾಸ್ ಎನ್ನುತ್ತಾರೆ.

ಮದ್ದಿನ ಗ್ಯಾಸ್

ಬ್ರಿಸ್ಟಲ್‌ನಲ್ಲಿ ಥಾಮಸ್ ಬೆಡೋಸ್ ಅನಿಲಗಳಿಂದ ರೋಗ ಗುಣಪಡಿಸಲು ಸಂಸ್ಥೆಯೊಂದನ್ನು ತೆರೆದಾಗ, ಅಲ್ಲಿ ಕೆಲಸಕ್ಕೆ ಸೇರಿದ ತರುಣ ಹಂಫ್ರಿ ಡೇವಿ 1799ರಲ್ಲಿ ನೈಟ್ರಸ್ ಆಕ್ಸೈಡನ್ನು ತಾನೇ ಉಸಿರಾಡಿ ನೋಡಿದ. ಅದಕ್ಕೆ ‘ನಗೆ ಅನಿಲ’ವೆಂಬ ಹೆಸರು ಬಿತ್ತು. ಶಸ್ತ್ರಚಿಕಿತ್ಸೆಯ ನೋವಿಗೆ ಇದು ನೆರವಾಗಬಹುದೆಂದು 1800ರ ತನ್ನ ಗ್ರಂಥದಲ್ಲಿ ಅವನು ಬರೆದರೂ ನಾಲ್ಕು ದಶಕ ಅದು ಸಂತೆಯ ಮೋಜಾಗಿಯೇ ಉಳಿಯಿತು. ಅಷ್ಟು ಕಾಲ ಜನ ಎಚ್ಚರದಲ್ಲೇ ಕೈಕಾಲು ಕೊಯ್ಯಿಸಿಕೊಂಡರು ಎಂಬುದು ನೆನೆದರೆ ಸಂಕಟವಾಗುವ ಸಂಗತಿ. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಂಥ ಒಂದು ಪ್ರದರ್ಶನ ನೋಡಿದ ದಂತವೈದ್ಯ ಹೊರೇಸ್ ವೆಲ್ಸ್ ಮರುದಿನವೇ ಅದನ್ನು ಉಸಿರಾಡಿ ತನ್ನ ಹಲ್ಲು ಕೀಳಿಸಿಕೊಂಡ. ಆಮೇಲೆ ಹಲ್ಲಿನ ವೈದ್ಯರ ಕೋಣೆಯಲ್ಲಿ ಗ್ಯಾಸ್ ಎಂದರೆ ಇದೇ. ಬ್ರಿಟನ್ನಿನ ಹೆರಿಗೆ ಕೋಣೆಗಳಲ್ಲಿ ನೋವು ತಗ್ಗಿಸಲು ಕೊಡುವ ‘ಗ್ಯಾಸ್ ಅಂಡ್ ಏರ್’ ಎಂಬ ಹೆಸರಿನಲ್ಲಿಯೂ ಗ್ಯಾಸ್ ಎಂದರೆ ಇದೇ ನೈಟ್ರಸ್ ಆಕ್ಸೈಡು. ಈಗ ಅದರ ಜೊತೆಗಿರುವುದು ಗಾಳಿಯಲ್ಲ, ಆಮ್ಲಜನಕ.

ವಿಷದ ಗ್ಯಾಸ್

1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಐದು ಸಾವಿರಕ್ಕೂ ಹೆಚ್ಚು ಸಿಲಿಂಡರುಗಳ ಬಾಯಿ ತೆರೆಯಿತು. ಹಸಿರು ಹಳದಿ ಕ್ಲೋರಿನ್ ಗಾಳಿಯ ಜೊತೆ ಸಾಗಿ ಫ್ರೆಂಚರ ಕಂದಕಗಳಿಗೆ ಇಳಿಯಿತು. ಇದರ ಮೇಲ್ವಿಚಾರಣೆ ನಡೆಸಿದ್ದು ಗಾಳಿಯ ಸಾರಜನಕದಿಂದ ಅಮೋನಿಯ ಮಾಡುವ ವಿಧಾನ ಕಂಡುಹಿಡಿದ ಫ್ರಿಟ್ಜ್ ಹೇಬರ್. ಕೆಲವೇ ದಿನಗಳಲ್ಲಿ ಅದೇ ರಣಭೂಮಿಗೆ ಬಂದ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಕೂಡ ಗ್ಯಾಸಿಗೆ ಸಿಕ್ಕಿತು. ಅಲ್ಲಿ ತೋರಿದ ಶೌರ್ಯಕ್ಕೆ ಜಮಾದಾರ್ ಮೀರ್ ದಸ್ತ್ ವಿಕ್ಟೋರಿಯಾ ಕ್ರಾಸ್ ಪಡೆದ. ಬೆಳಕಿನ ಪದ ಒಂದು ಸಂಜೆಯಲ್ಲಿ ಭಯದ ಪದವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೂಸ್ ಬಳಿ ತಾವೇ ಕ್ಲೋರಿನ್ ಬಿಡಲು ಹೊರಟ ಬ್ರಿಟಿಷರು ಗುಟ್ಟಿಗಾಗಿ ಗ್ಯಾಸ್ ಎಂಬ ಪದವನ್ನೇ ನಿಷೇಧಿಸಿ, ಅದನ್ನು ‘ಉಪಕರಣ’ ಎಂಬಂಥ ಸಪ್ಪೆ ಹೆಸರಿನಿಂದ ಕರೆಯಬೇಕೆಂದು ಆಜ್ಞೆ ಮಾಡಿದರು.

1917ರಲ್ಲಿ ಬಂದ ‘ಮಸ್ಟರ್ಡ್ ಗ್ಯಾಸ್’ ನಿಜವಾಗಿ ಎಣ್ಣೆಯಂಥ ದ್ರವ. ಹನಿಹನಿಯಾಗಿ ಚದುರಿ ಚರ್ಮವನ್ನು ಸುಡುತ್ತದೆ. ಅಷ್ಟು ಹೊತ್ತಿಗೆ ಉಸಿರಿನ ಮೂಲಕವೋ ಮೈಮೇಲೆ ಕೂತೋ ಕೊಲ್ಲುವ ಎಲ್ಲದಕ್ಕೂ ಗ್ಯಾಸ್ ಎಂಬುದೇ ಹೆಸರಾಗಿತ್ತು. 1925ರ ಜಿನೀವಾ ಒಪ್ಪಂದ ನಿಷೇಧಿಸಿದ್ದೂ ಉಸಿರುಗಟ್ಟಿಸುವ, ವಿಷದ ಮತ್ತು ಇತರ ಗ್ಯಾಸ್‌ಗಳ ಬಳಕೆಯನ್ನು. ಗ್ಯಾಸ್ ಆಗ ಕ್ರಿಯಾಪದವೂ ಆಯಿತು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳನ್ನೂ ರೋಮಾ ಜನರನ್ನೂ ಕೊಂದ ಕೋಣೆಗಳ ಹೆಸರಿನಲ್ಲಿ ಆ ಪದ ಶಾಶ್ವತವಾಗಿ ಕಪ್ಪಾಯಿತು.

ಭಾರತದಲ್ಲಿ ಈ ಅರ್ಥಕ್ಕೆ ಭೋಪಾಲದ ಹೆಸರಿದೆ. 1984ರ ಡಿಸೆಂಬರ್ 2 ಮತ್ತು 3ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಯೊಂದರಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಚಿಮ್ಮಿತು. ಅದು ಸುಮಾರು 39 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ. ತೊಟ್ಟಿಗೆ ನೀರು ಹೊಕ್ಕು ಕಾವೇರಿದ್ದರಿಂದ ಅನಿಲವಾಗಿ ಹೊರಟಿತು. ಸಾವಿರಾರು ಜನ ಸತ್ತರು, ಲಕ್ಷಾಂತರ ಜನರ ಕಣ್ಣು, ಶ್ವಾಸಕೋಶ ಹಾಳಾದವು. ಅಂದು ಓಡಿದವರಿಗೆ ತಿಳಿದಿದ್ದ ಹೆಸರು ‘ಗ್ಯಾಸ್’ ಒಂದೇ. ಆಸ್ಪತ್ರೆಗೆ ಬಂದವರ ಮೈಯಲ್ಲಿದ್ದ ವಿಷ ಯಾವುದು, ಅದಕ್ಕೆ ಮದ್ದೇನು ಎಂಬ ಖಚಿತ ಮಾಹಿತಿ ವೈದ್ಯರಿಗೂ ಇರಲಿಲ್ಲ. ಯಾವ ಗ್ಯಾಸ್ ಎಂದು ಕೇಳುವುದು ಹೆಲ್ಮಾಂಟ್ ಕಲಿಸಿದ ಮೊದಲ ಪಾಠ. ಆ ರಾತ್ರಿ ಉತ್ತರ ಹೇಳಬೇಕಾಗಿದ್ದವರು ಹೇಳಲಿಲ್ಲ. ಆಮೇಲೆ ಬಂದ 1985ರ ಪರಿಹಾರದ ಕಾಯಿದೆಯ ಹೆಸರಿನಲ್ಲಿ ಗ್ಯಾಸ್ ಸೋರಿಕೆ ಇದೆ, ಬದುಕುಳಿದವರನ್ನು ಹಿಂದಿಯಲ್ಲಿ ‘ಗ್ಯಾಸ್ ಪೀಡಿತ್’ ಎಂದು ಕರೆಯುತ್ತಾರೆ. ಎಷ್ಟೋ ಜನರಿಗೆ ಅದೊಂದು ಆಜೀವ ಗುರುತು.

ಬಂಕ್ ಮತ್ತು ಒಲೆ

ಅಮೆರಿಕದಲ್ಲಿ ಗ್ಯಾಸ್ ಎಂದರೆ ಪೆಟ್ರೋಲು. ಇದು ‘ಗ್ಯಾಸೊಲಿನ್’ನ ಮೊಟಕು ರೂಪ. ಲಂಡನ್ನಿನ ಪ್ರಕಾಶಕ, ವ್ಯಾಪಾರಿ ಜಾನ್ ಕ್ಯಾಸೆಲ್ 1862ರಲ್ಲಿ ದೀಪದ ಎಣ್ಣೆಯೊಂದನ್ನು ತನ್ನ ಹೆಸರಿನ ಮೇಲೆ ‘ಕ್ಯಾಜೆಲಿನ್’ ಎಂದು ಮಾರಾಟಕ್ಕಿಟ್ಟಿದ್ದ. ಗ್ಯಾಸೊಲಿನ್ ಪದಕ್ಕೆ ಅದೇ ಮೂಲವೆಂದು ಒಂದು ವಾದ, ಗ್ಯಾಸ್ ಪದಕ್ಕೆ ಎಣ್ಣೆಯ ಪ್ರತ್ಯಯ ಹತ್ತಿತೆಂದು ಇನ್ನೊಂದು. ಮೊದಲನೆಯದು ನಿಜವಾದರೆ ಅಮೆರಿಕದವರ ಗ್ಯಾಸಿಗೆ ಹೆಲ್ಮಾಂಟನಷ್ಟೇ ಕ್ಯಾಸೆಲ್ಲನೂ ಪಿತೃ. ಅಲ್ಲಿ ನೆಲೆಸಿದ ಕನ್ನಡಿಗರು ಕಾರಿಗೆ ಗ್ಯಾಸ್ ಹಾಕಿಸುತ್ತಾರೆ. ಬೆಂಗಳೂರಿನಲ್ಲಿ ಆಟೋಗೆ ಗ್ಯಾಸ್ ಹಾಕಿಸುವವರು ಹಾಕಿಸುವುದು ನಿಜವಾಗಿಯೂ ಗ್ಯಾಸು.

ನಮ್ಮ ಮನೆಗಳ ಗ್ಯಾಸ್ ಎಂದರೆ ಎಲ್‌ಪಿಜಿ, ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. 1950ರ ದಶಕದಲ್ಲಿ ಮುಂಬಯಿಯಲ್ಲಿ ಬರ್ಮಾ ಷೆಲ್ ಇದನ್ನು ಮಾರತೊಡಗಿತು. 1965ರಲ್ಲಿ ಇಂಡೇನ್ ಬಂತು. 2016ರಲ್ಲಿ ಕೇಂದ್ರದ ಉಜ್ವಲಾ ಯೋಜನೆ, ಮರುವರ್ಷ ಕರ್ನಾಟಕದ ಅನಿಲ ಭಾಗ್ಯ ಬಡವರ ಮನೆಗೂ ಒಲೆ ಕೊಡಲು ಹೊರಟವು. 14.2 ಕೆ.ಜಿ. ತುಂಬಿದ ಸಿಲಿಂಡರಿನೊಳಗೆ ಇರುವುದು ಒತ್ತಡದಲ್ಲಿ ದ್ರವವಾದ ಇಂಧನ. ರೆಗ್ಯುಲೇಟರ್ ತಿರುವಿದಾಗ ಅನಿಲವಾಗಿ ಬರುತ್ತದೆ. ನಾವು ‘ಗ್ಯಾಸ್ ವಾಸನೆ’ ಎನ್ನುವುದೂ ಅದರದ್ದಲ್ಲ. ಸೋರಿದ್ದು ತಿಳಿಯಲೆಂದು ಬೆರೆಸುವ ಗಂಧಕದ ಸಂಯುಕ್ತ ಮರ್‌ಕ್ಯಾಪ್ಟನ್‌ನದು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ಸಿಡಿದು ಮಕ್ಕಳು, ಶಿಕ್ಷಕರು ಸೇರಿ ಸುಮಾರು 300 ಜನ ಸತ್ತ ಮೇಲೆ ವಾಸನೆ ಬೆರೆಸುವುದು ಕಾನೂನಾಗತೊಡಗಿತು. ಅಡುಗೆಮನೆಯ ಆ ಕೆಟ್ಟ ವಾಸನೆಗೆ ನಾವು ಋಣಿಗಳು.

ಸಗಣಿಯಿಂದ ಬರುವ ಮೀಥೇನಿಗೆ ‘ಗೋಬರ್ ಗ್ಯಾಸ್’ ಎಂಬ ಹಿಂದಿ-ಇಂಗ್ಲಿಷ್ ಜೋಡಿಪದವೇ ಕನ್ನಡದಲ್ಲಿ ನಿಂತಿದೆ. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕ ಗ್ಯಾಸ್ ಗುಂಡಿ ಇರುವುದು ಸಾಮಾನ್ಯ. ಒಲೆಯೂ ಉರಿಯುತ್ತದೆ, ಬಗ್ಗಡವೂ ತೋಟಕ್ಕೆ ಗೊಬ್ಬರವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡ 1980ರ ದಶಕದಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಅದರ ಅನಿಲದಿಂದ ಎಂಜಿನ್ ಓಡಿಸಿ, ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಕೊಟ್ಟಿತು.

ಶಾಸ್ತ್ರದ ಗ್ಯಾಸ್

ಗ್ಯಾಸಿಗೂ ಆವಿಗೂ ಗೆರೆ ಎಲ್ಲಿ? ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರೂಸ್ 1869ರಲ್ಲಿ ಇದಕ್ಕೆ ಉತ್ತರ ಕೊಟ್ಟ. ಪ್ರತಿಯೊಂದು ವಸ್ತುವಿಗೂ ಒಂದು ಉಷ್ಣತೆಯ ಎಲ್ಲೆಯಿದೆ, ಅದನ್ನು ದಾಟಿದರೆ ಎಷ್ಟೇ ಒತ್ತಿದರೂ ವಸ್ತು ದ್ರವವಾಗದು; ಆ ಎಲ್ಲೆಯ ಮೇಲಿದ್ದರೆ ಗ್ಯಾಸ್, ಕೆಳಗಿದ್ದರೆ ಆವಿ. ಇಂಗಾಲದ ಡೈಆಕ್ಸೈಡಿಗೆ ಆ ಎಲ್ಲೆ ಸುಮಾರು 31 ಡಿಗ್ರಿ ಸೆಲ್ಸಿಯಸ್. ಎಂದೂ ದ್ರವವಾಗವು ಎಂದುಕೊಂಡಿದ್ದ ಅನಿಲಗಳೂ ಒಂದೊಂದಾಗಿ ಮಣಿದವು. ಕೊನೆಯದಾದ ಹೀಲಿಯಂ 1908ರಲ್ಲಿ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನೆಸ್‌ನ ಕೈಗೆ ಸಿಕ್ಕಿತು.

ಗಾಳಿ ಹಲವೆಂಬ ಮಾತಿಗೆ ಕೊನೆಯ ದೊಡ್ಡ ಸಾಕ್ಷ್ಯ ದೊರೆತದ್ದು 1890ರ ದಶಕದಲ್ಲಿ. ಲಾರ್ಡ್ ರೇಲಿ ಮತ್ತು ವಿಲಿಯಂ ರಾಮ್ಸೆ ಗಾಳಿಯಲ್ಲಿ ಆರ್ಗಾನ್ ಇದೆಯೆಂದು 1894ರಲ್ಲಿ ಸಾರಿದರು. 1898ರಲ್ಲಿ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಬೇರ್ಪಡಿಸಿದರು. ಟಾಟಾ ಅವರ ವಿಜ್ಞಾನ ಸಂಸ್ಥೆಗೆ ತಕ್ಕ ಊರು ಬೆಂಗಳೂರು ಎಂದು ಸೂಚಿಸಿದವರು ಇದೇ ರಾಮ್ಸೆ, ಅದರ ಮೊದಲ ನಿರ್ದೇಶಕರಾಗಿ ಬಂದವರು ಇದೇ ಟ್ರಾವರ್ಸ್. ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರ ಪದವನ್ನು ಗಾಳಿಯಿಂದ ಪೂರ್ತಿ ಬಿಡಿಸಿತು. ಲೋಹದೊಳಗಿನ ಸಡಿಲ ಎಲೆಕ್ಟ್ರಾನುಗಳದ್ದು ಎಲೆಕ್ಟ್ರಾನ್ ಗ್ಯಾಸ್. ಸತ್ಯೇಂದ್ರನಾಥ ಬೋಸ್ 1924ರಲ್ಲಿ ಬೆಳಕಿನ ಕಣಗಳನ್ನು ಎಣಿಸಿದ ರೀತಿಯಿಂದ ಬಂದದ್ದು ಬೋಸ್ ಗ್ಯಾಸ್. ಇಲ್ಲಿ ಗ್ಯಾಸ್ ಎಂದರೆ ಬಹುಮಟ್ಟಿಗೆ ತಮ್ಮಷ್ಟಕ್ಕೆ ಓಡಾಡುವ ಅಸಂಖ್ಯ ಕಣಗಳ ಗುಂಪು, ಅಷ್ಟೆ.

ಕನ್ನಡದಲ್ಲಿ

ಅನಿಲ ಸಂಸ್ಕೃತದಲ್ಲಿ ಗಾಳಿಗೂ ಗಾಳಿಯ ದೇವತೆಗೂ ಹೆಸರು. ಉಸಿರಾಡು ಎಂಬರ್ಥದ ಧಾತುವಿನಿಂದ ಬಂದದ್ದು. ಕನ್ನಡದ ಪಾಠಗಳು ಘನ, ದ್ರವ, ಅನಿಲ ಎಂದು ಹೇಳಿಕೊಡತೊಡಗಿದಾಗ ಗಾಳಿಯ ಹೆಸರು ಸ್ಥಿತಿಯ ಹೆಸರಾಯಿತು. ಒಳ್ಳೆಯ ಆಯ್ಕೆ, ಏಕೆಂದರೆ ವಾಯುವನ್ನು ವಾತಾವರಣಕ್ಕೆ, ಗಾಳಿಯನ್ನು ಬೀಸುವುದಕ್ಕೆ ಬಿಟ್ಟು ಅನಿಲವನ್ನು ಶಾಸ್ತ್ರ ತನಗಿಟ್ಟುಕೊಂಡಿತು. ಲವೋಸಿಯೇ ಕಟ್ಟಿದ ಹೆಸರುಗಳ ಒಳಗಿನ ಅರ್ಥವನ್ನೇ ಹಿಡಿದು ಆಮ್ಲಜನಕ, ಜಲಜನಕ ಎಂಬ ಪದಗಳು ಬಂದವು. ಆಮ್ಲಕ್ಕೆಲ್ಲ ಆ ಅನಿಲವೇ ಮೂಲ ಎಂಬ ಅವನ ತಪ್ಪು ತಿಳಿವಳಿಕೆಯೂ ಹಾಗೆಯೇ ಕನ್ನಡಕ್ಕೆ ಇಳಿಯಿತು. ಸಾರಜನಕದಲ್ಲಿ ಮಾತ್ರ ಕನ್ನಡ ತನ್ನದೇ ದಾರಿ ಹಿಡಿಯಿತು. ‘ನೈಟ್ರೋಜನ್’ ಎಂಬ ಹೆಸರಿನ ಒಳಗಿರುವ ಪೆಟ್ಲುಪ್ಪನ್ನು ಬಿಟ್ಟು, ಬೆಳೆಗೆ ಸಾರ ಕೊಡುವುದು ಎಂಬ ರೈತನಿಗೆ ತಿಳಿಯುವ ಗುಣವನ್ನು ಎತ್ತಿಕೊಂಡಿತು.

ಬಳಕೆಯಲ್ಲಿ ಅನಿಲ, ಗ್ಯಾಸ್, ವಾಯು ಮೂರೂ ಪದಗಳು ಜಾಗ ಹಂಚಿಕೊಂಡಿವೆ. ಪತ್ರಿಕೆಯಲ್ಲಿ ಅಡುಗೆ ಅನಿಲದ ಬೆಲೆ ಏರುತ್ತದೆ, ಮನೆಯಲ್ಲಿ ಗ್ಯಾಸ್ ಖಾಲಿಯಾಗುತ್ತದೆ, ಪೊಲೀಸರು ಅಶ್ರುವಾಯು ಸಿಡಿಸುತ್ತಾರೆ. ಭೋಪಾಲದ್ದು ಅನಿಲ ದುರಂತ, ಭೂಮಿ ಬಿಸಿಯಾಗುತ್ತಿರುವುದು ಹಸಿರುಮನೆ ಅನಿಲಗಳಿಂದ. ಹೊಟ್ಟೆಯ ವಿಷಯದಲ್ಲಿ ಹಿರಿಯರ ‘ವಾಯು’ ಹಿಂದೆ ಸರಿದು ‘ಗ್ಯಾಸ್’ ಮುಂದೆ ಬಂದಿದೆ. ಆಲೂಗಡ್ಡೆ, ಕಡಲೆಬೇಳೆ ತಿಂದರೆ ಈಗ ಗ್ಯಾಸ್ ಆಗುತ್ತದೆ. ‘ಗ್ಯಾಸ್ಟ್ರಿಕ್’ ಎಂಬುದನ್ನು ಇದರದ್ದೇ ಉದ್ದನೆಯ ರೂಪವೆಂದು ಬಹಳ ಜನ ತಿಳಿದಿದ್ದಾರೆ. ಅದು ಹೊಟ್ಟೆ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು, ಗ್ಯಾಸಿಗೂ ಅದಕ್ಕೂ ನಂಟಿಲ್ಲ. ಎದೆಯುರಿಗೂ, ಕೆಲವೊಮ್ಮೆ ಹೃದಯದ ನೋವಿಗೂ ‘ಗ್ಯಾಸ್ಟ್ರಿಕ್ ಆಗಿರಬೇಕು’ ಎಂದು ಸೋಡಾ ಕುಡಿದು ಮಲಗುವುದು ನಮ್ಮಲ್ಲಿ ರೂಢಿ. ಎದೆಯ ನಡುವೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ಬೆವರು ಕಂಡರೆ ಅದನ್ನು ಗ್ಯಾಸೆಂದು ಕೂರದೆ ಕೂಡಲೇ ಇಸಿಜಿ ಮಾಡಿಸಬೇಕೆಂದು ಹೃದ್ರೋಗ ತಜ್ಞರು ಹೇಳುತ್ತಲೇ ಇದ್ದಾರೆ.